ಎಂಟು ಎಳೆಯ ಸಂದು

ಮಧ್ಯಾಹ್ನ ಎರಡು ಗಂಟೆ ನಲವತ್ತು ನಿಮಿಷ. ಹೊತ್ತು ಇಷ್ಟು ಖಚಿತವಾಗಿ ನೆನಪಿರಲು ಕಾರಣವಿದೆ. ಮೂರು ಗಂಟೆಯ ಚಳ್ಳಕೆರೆ ಬಸ್ಸು ಸಿಗುತ್ತದೋ ಇಲ್ಲವೋ ಎಂದು ಆಗಷ್ಟೇ ಮೊಬೈಲು ನೋಡಿದ್ದೆ. ಮೊಳಕಾಲ್ಮೂರಿನ ಒಬ್ಬ ನೇಕಾರರ ಮನೆಯಲ್ಲಿ, ಮಗ್ಗದ ಪಕ್ಕ ಚಾಪೆಯ ಮೇಲೆ ಕೂತಿದ್ದೆ. ಅವರು ಲಾಳಿ ಎಸೆದು, ಎಳೆಯನ್ನು ಒತ್ತಿ ಕೂಡಿಸುವ ಹಣಿಗೆ ಬಡಿದರು. ಅದೇ ಗಳಿಗೆಗೆ ಹಿತ್ತಲಿನ ಬಚ್ಚಲುಮನೆಯ ಚಿಲಕ ಬಿತ್ತು. ಎರಡು ಸದ್ದೂ ಒಂದೇ ಸದ್ದಾಗಿ ಕೇಳಿಸಿತು. ಅದರಲ್ಲಿ ವಿಶೇಷವೇನೂ ಆಗ ನನಗೆ ಕಾಣಲಿಲ್ಲ.

ಮೊದಲೇ ಹೇಳಿಬಿಡುತ್ತೇನೆ. ನಾನು ಇಂಥದ್ದನ್ನು ನಂಬಿದವಳಲ್ಲ. ಮಂಗಳವಾರ ಉಗುರು ತೆಗೆಯಬೇಡ ಎಂದ ಅವ್ವನ ಎದುರಿಗೇ ಕೂತು ತೆಗೆದವಳು. ದೆವ್ವ ಕಂಡೆ ಎಂದವರಿಗೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಎಂದವಳು. ಈಗಲೂ ನೀವು ನನ್ನನ್ನು ನಂಬಬೇಕೆಂದು ಬರೆಯುತ್ತಿಲ್ಲ. ನಡೆದದ್ದನ್ನು ನಡೆದ ಹಾಗೆ ಒಮ್ಮೆ ಬರೆದಿಟ್ಟರೆ ಅದರಲ್ಲಿ ನನ್ನ ತಪ್ಪೆಷ್ಟು, ನನಗೆ ಗೊತ್ತಾಗದ್ದೆಷ್ಟು ಎಂದು ಬೇರೆ ಮಾಡಿ ನೋಡಬಹುದೇನೋ ಎಂಬ ಆಸೆ.

ನನ್ನ ಕೆಲಸ ಸೀರೆಯ ವಿನ್ಯಾಸ. ಚಳ್ಳಕೆರೆಯ ನಮ್ಮ ಮನೆಯ ಮಹಡಿಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಚಿತ್ರವನ್ನು ಸಣ್ಣ ಸಣ್ಣ ಚೌಕಗಳಾಗಿ ಒಡೆಯುತ್ತೇನೆ. ಒಂದು ಚೌಕವೆಂದರೆ ಒಂದು ಎಳೆ. ಆ ಫೈಲಿನ ಪ್ರಕಾರ ಕಾರ್ಡು ಹೊಡೆಯುವ ಅಂಗಡಿಯವರು ರಟ್ಟಿನ ಕಾರ್ಡುಗಳಲ್ಲಿ ತೂತು ಹಾಕಿ, ಅವನ್ನು ಒಂದು ಉದ್ದ ಹಾರದಂತೆ ಪೋಣಿಸಿ ಕೊಡುತ್ತಾರೆ. ಹಾರ ಮಗ್ಗದ ಮೇಲೇರುತ್ತದೆ. ಒಂದು ಕಾರ್ಡಿಗೆ ಒಂದು ಗೆರೆ ಜರಿ. ತೂತಿದ್ದಲ್ಲಿ ಎಳೆ ಏಳುತ್ತದೆ, ಇಲ್ಲದಲ್ಲಿ ಏಳುವುದಿಲ್ಲ. ಹಾರ ಒಂದು ಸುತ್ತು ಬಂದರೆ ಚಿತ್ರ ಒಂದು ಸಲ ಮೂಡುತ್ತದೆ. ಮತ್ತೆ ಮೊದಲ ಕಾರ್ಡು, ಮತ್ತೆ ಅದೇ ಚಿತ್ರ. ನೂರು ಸುತ್ತು ಬಂದರೂ ಅದೇ ಚಿತ್ರ. ಇದನ್ನು ಇಷ್ಟು ಬಿಡಿಸಿ ಹೇಳುತ್ತಿರುವುದು ಸುಮ್ಮನೆ ಅಲ್ಲ, ನೆನಪಿಟ್ಟುಕೊಳ್ಳಿ.

ಮೈಸೂರಿನ ಹಿರಿಯ ಮಹಿಳೆಯೊಬ್ಬರು ತಮ್ಮ ಸೀರೆಯ ಸೆರಗಿಗೆಂದು ಒಂದು ಹಳೆಯ ಎಚಿಂಗ್ ಕಳಿಸಿದ್ದರು. ತಾಮ್ರದ ತಗಡಿನ ಮೇಲೆ ಗೆರೆ ಎಳೆದು, ಆ ಗೆರೆಗಳನ್ನು ಆಮ್ಲದಿಂದ ಕೊರೆಸಿ, ಮಸಿ ತುಂಬಿ ಕಾಗದಕ್ಕೆ ಒತ್ತಿ ತೆಗೆದ ಚಿತ್ರ. ಅವರು ಹುಟ್ಟಿ ಬೆಳೆದ ಬಂಗಲೆಯ ಕಬ್ಬಿಣದ ಗೇಟು ಅದರಲ್ಲಿತ್ತು. ಬಂಗಲೆಯನ್ನು ಕೆಡವಿದ್ದಾರಂತೆ, ಗೇಟು ಎಲ್ಲಿ ಹೋಯಿತೋ ಗೊತ್ತಿಲ್ಲವಂತೆ. ಎತ್ತರದ ಎರಡು ಕದ, ಕದದ ತುಂಬ ಬಳ್ಳಿಯಂತೆ ಬಾಗಿಸಿದ ಕಬ್ಬಿಣ, ಬೆನ್ನಿಗೆ ಬೆನ್ನು ತಿರುಗಿಸಿ ನಿಂತ ಎರಡು ನವಿಲು, ನೆತ್ತಿಯ ಮೇಲೆ ಈಟಿಯ ಮೊನೆಗಳ ಸಾಲು. ಎರಡು ಕದ ಕೂಡುವಲ್ಲಿ ದಪ್ಪನೆಯ ಅಗುಳಿ. ಗೇಟಿನ ಹಿಂದೆ ಮನೆಯಿಲ್ಲ, ಮರವಿಲ್ಲ, ಒತ್ತೊತ್ತಾಗಿ ಗೆರೆ ಎಳೆದು ಮಾಡಿದ ಬರೀ ಕಪ್ಪು. ಚೆಂದದ ಚಿತ್ರವೇ. ಆದರೆ ಹತ್ತು ದಿನ ಅದನ್ನೇ ಪರದೆಯ ಮೇಲೆ ದೊಡ್ಡದು ಮಾಡಿಕೊಂಡು ಕೂತವಳಿಗೆ ಅದು ನನ್ನನ್ನು ಇಷ್ಟಪಡುತ್ತಿಲ್ಲ ಎನಿಸುತ್ತಿತ್ತು. ಕಣ್ಣು ಬಳಲಿದಾಗ ಹಾಗೆಲ್ಲ ಅನಿಸುತ್ತದೆ ಎಂದು ಎದ್ದು ಹೋಗಿ ಟೀ ಕುಡಿದು ಬರುತ್ತಿದ್ದೆ.

ನೇಯಲು ಒಪ್ಪಿದವರು ಗೋವಿಂದಪ್ಪ. ನನಗೆ ಆರು ವರ್ಷದ ಪರಿಚಯ. ಮನೆಯಲ್ಲಿ ಅವರು, ಅವರ ತಾಯಿ ತಿಮ್ಮಕ್ಕ, ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದ ಮಗಳು ಶಾರದ. ಗೋವಿಂದಪ್ಪನವರ ಹೆಂಡತಿ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ತಿಮ್ಮಕ್ಕನಿಗೆ ಕಣ್ಣಿನಲ್ಲಿ ಪೊರೆ ಬಂದಿತ್ತು, ಬಾಯಿ ಮಾತ್ರ ಚುರುಕು. ನಾನು ಚಿತ್ರ ಬಿಚ್ಚಿದ ಕೂಡಲೇ ಮೂಗಿನ ಹತ್ತಿರ ಹಿಡಿದು ನೋಡಿದರು.

“ಇದೇನಿದು, ಜೈಲಾ?”

“ಬಂಗ್ಲೆ ಗೇಟು ಕಣವ್ವಾ, ಮೈಸೂರಿಂದು” ಎಂದರು ಗೋವಿಂದಪ್ಪ.

“ಮೈಸೂರಿಂದಾದ್ರೇನು, ಅರಮನೇದಾದ್ರೇನು, ಮುಚ್ಚೈತಲ್ಲ! ಬ್ಯಾಡ. ಮನೇಲಿ ಬಸುರಿ ಹುಡುಗಿ ಐತೆ. ಅಗುಳಿ ಹಾಕಿದ ಬಾಗ್ಲನ್ನ ನನ್ನ ಮಗ್ಗದ ಮೇಲೆ ಏರ್ಸಬ್ಯಾಡ್ರಿ.”

ಹೆರಿಗೆಯ ಹೊತ್ತಿಗೆ ಮನೆಯಲ್ಲಿ ಬೀಗ, ಗಂಟು, ಮುಚ್ಚಳ ಯಾವುದೂ ಬಿಗಿದಿರಬಾರದು ಎಂಬುದು ಅವರ ಮನೆಯ ಕಟ್ಟಳೆ. ಸೊಸೆಯ ಎರಡನೆಯ ಹೆರಿಗೆಯಲ್ಲಿ ಎಲ್ಲ ತೆಗೆದಿಟ್ಟಿದ್ದರಂತೆ. ಅಟ್ಟದ ಮೇಲಿನ ಒಂದು ಟ್ರಂಕಿಗೆ ಬೀಗ ಇದ್ದದ್ದು ನೆನಪಾದದ್ದು ಅವಳನ್ನು ಮಣ್ಣು ಮಾಡಿ ಬಂದ ಮೇಲೆ. ತಿಮ್ಮಕ್ಕ ಇದನ್ನು ಹೇಳುವಾಗ ಅಳಲಿಲ್ಲ. ನನ್ನ ಕಡೆ ಬೆರಳು ತೋರಿಸಿ, “ಓದಿದೋರಿಗೆ ಬಾಗ್ಲಂದ್ರೆ ಬರೀ ಗೆರೆ. ನಿಂಗೇನು ಗೊತ್ತಾಗ್ತೈತೆ?” ಎಂದರು.

ಗೋವಿಂದಪ್ಪನವರೇ ಒಂದು ದಾರಿ ಹುಡುಕಿದರು. “ಮೇಡಂ, ಅಗುಳಿ ತೆಗ್ದು, ಕದದ ಮಧ್ಯೆ ಒಂದೆಂಟು ಎಳೆ ಸಂದು ಬಿಡ್ರಿ. ಅವ್ವಂಗೂ ಸಮಾಧಾನ, ಚಿತ್ರಾನೂ ಕೆಡಲ್ಲ.” ನಾನು ಒಪ್ಪಿದೆ. ಹಾಗೆಯೇ ಬರೆದೆ. ಕಾಗದದ ಮೇಲೆ ಮುದ್ರಿಸಿ ತಂದು ತಿಮ್ಮಕ್ಕನ ಬೆರಳು ಹಿಡಿದು ಆ ಸಂದಿನ ಮೇಲೆ ಆಡಿಸಿಯೂ ತೋರಿಸಿದೆ.

ಆದರೆ ಮೈಸೂರಿನವರು ಒಪ್ಪಲಿಲ್ಲ. ಚಿತ್ರದಲ್ಲಿ ಹೇಗಿದೆಯೋ ಹಾಗೆಯೇ ಬೇಕು, ಗೇಟು ಮುಚ್ಚಿಯೇ ಇರಬೇಕು ಎಂದರು. ನಾನು ಎಂಟು ಎಳೆಯ ಸಂದನ್ನು ಮತ್ತೆ ತುಂಬಿದೆ, ಅಗುಳಿಯನ್ನೂ ಹಾಕಿದೆ, ಆ ಫೈಲನ್ನೇ ಕಾರ್ಡಿಗೆ ಕಳಿಸಿದೆ. ಹಾರ ತಲುಪಿದ ದಿನ ಗೋವಿಂದಪ್ಪ ಫೋನು ಮಾಡಿ, “ಸಂದು ಬಿಟ್ಟೀರಲ್ಲ ಮೇಡಂ?” ಎಂದು ಕೇಳಿದರು. “ಬಿಟ್ಟಿದ್ದೀನಿ ಅಣ್ಣ” ಎಂದೆ. ಒಂದು ಕ್ಷಣವೂ ತಡವರಿಸಲಿಲ್ಲ. ಮುದುಕಿಯ ಮಾತಿಗೆ ಸೋಲಬಾರದು ಎಂಬ ಹಟವಿತ್ತೇ ಹೊರತು ಬೇರೆ ಯಾವ ಅನಿವಾರ್ಯವೂ ಇರಲಿಲ್ಲ. ಗೊತ್ತಾಗುವುದೂ ಇಲ್ಲ ಎಂಬ ಧೈರ್ಯ. ಆ ಮಗ್ಗದಲ್ಲಿ ಸೆರಗನ್ನು ಮಗುಚಿ ನೇಯುತ್ತಾರೆ. ನೇಯುವವರ ಕಣ್ಣಿಗೆ ಕಾಣುವುದು ಬಟ್ಟೆಯ ಬೆನ್ನು, ಅಡ್ಡಾದಿಡ್ಡಿ ಹಾದ ಜರಿ. ಮುಖ ನೋಡಬೇಕೆಂದರೆ ಕೆಳಗಿನಿಂದ ಕನ್ನಡಿ ಹಿಡಿಯಬೇಕು. ನೇಯುವವನು ಗೇಟಿನ ಒಳಬದಿಯಲ್ಲಿ ಕೂತಿರುತ್ತಾನೆ ಎಂದು ಈಗ ಹೊಳೆಯುತ್ತದೆ. ಆಗ ಹೊಳೆದಿರಲಿಲ್ಲ.

ಆ ದಿನ ನಾನು ಹೋದಾಗ ಸೆರಗಿನಲ್ಲಿ ಗೇಟಿನ ಚಿತ್ರದ ಆರು ಸಾಲು ಮುಗಿದು ಏಳನೆಯದು ಅರ್ಧಕ್ಕೆ ಬರುತ್ತಿತ್ತು. ಶಾರದ ಬಾಗಿಲಲ್ಲಿ ಕೂತು ಕಡಲೆಕಾಯಿ ಬಿಡಿಸುತ್ತಿದ್ದಳು, ತಿಮ್ಮಕ್ಕ ಮೂಲೆಯಲ್ಲಿ ಕೂತಿದ್ದರು. ದಿನ ತುಂಬಲು ಇನ್ನೂ ಎರಡು ವಾರವಿತ್ತು. ನಾನು ಕನ್ನಡಿಯನ್ನು ಬಟ್ಟೆಯ ಕೆಳಗೆ ಹಿಡಿದು, ಎಳೆ ಎಣಿಸುವ ಭೂತಗನ್ನಡಿ ಕಣ್ಣಿಗಿಟ್ಟು ಮೊದಲ ಸಾಲು ನೋಡಿದೆ.

ಕದಗಳ ನಡುವೆ ಸಂದಿತ್ತು. ಎಣಿಸಿದೆ. ಎಂಟು ಎಳೆ. ಅಗುಳಿ ಇರಲಿಲ್ಲ.

ಕಾರ್ಡು ಹೊಡೆಯುವವರು ಹಳೆಯ ಫೈಲು ಬಳಸಿದ್ದಾರೆ ಎಂದುಕೊಂಡೆ. ನನ್ನ ಸುಳ್ಳು ತಾನಾಗಿಯೇ ನಿಜವಾಯಿತಲ್ಲ ಎಂದು ಒಂದು ಕ್ಷಣ ಹಗುರವೂ ಆಯಿತು. ಎರಡನೆಯ ಸಾಲು ನೋಡಿದೆ. ಏಳು ಎಳೆ. ಮೂರನೆಯದರಲ್ಲಿ ಆರು. ನಾಲ್ಕರಲ್ಲಿ ಐದು. ಐದರಲ್ಲಿ ಮೂರು. ಆರನೆಯ ಸಾಲಿನಲ್ಲಿ ಒಂದೇ ಒಂದು ಎಳೆ, ಅದರ ಎರಡೂ ಕಡೆ ಅಗುಳಿಯ ತುದಿ. ಅದೇ ಹಾರ, ಅದೇ ಕಾರ್ಡು, ಆರು ಸುತ್ತು. ಹಾಗಾಗಲು ಸಾಧ್ಯವೇ ಇಲ್ಲ. ಮತ್ತೆ ಮೊದಲ ಸಾಲಿನಿಂದ ಎಣಿಸತೊಡಗಿದೆ.

ಗೋವಿಂದಪ್ಪ ಕನ್ನಡಿ ಕಿತ್ತುಕೊಂಡು ತಾವೇ ನೋಡಿದರು. ಮುಖ ಕೆಂಪಾಯಿತು. “ಇದೇನ್ರಿ ಮೇಡಂ ನಿಮ್ಮ ಕಾರ್ಡು? ಒಂದೊಂದು ಸಾಲು ಒಂದೊಂದು ಥರ ಐತೆ!”

“ಕಾರ್ಡು ಹಾಗೆ ಬದಲಾಗೋಕೆ ಆಗಲ್ಲ ಅಣ್ಣ.”

“ಅಂದ್ರೆ ನನ್ನ ಕೈ ತಪ್ಪು ಅಂತೀರಾ? ಮೂವತ್ತು ವರ್ಷ ಆತು ಈ ಗುಂಡೀಲಿ ಕಾಲಿಟ್ಟು. ನೋಡ್ರಿ, ಕಣ್ಣು ಬಿಟ್ಕಂಡು ನೋಡ್ರಿ” ಎಂದು ಮಗ್ಗದಡಿಯ ಕಾಲು ಇಳಿಬಿಡುವ ಗುಂಡಿಗಿಳಿದು ಸಿಟ್ಟಿನಿಂದಲೇ ನೇಯತೊಡಗಿದರು. ಅವರಿಗೆ ಕಂಡದ್ದು ಕೆಟ್ಟ ಕೆಲಸ ಮಾತ್ರ. ಆ ಸಂದು ಇರಲೇಬಾರದಿತ್ತು ಎಂಬುದು ಆ ಮನೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಹೇಳಬೇಕೆಂದರೆ ಸುಳ್ಳನ್ನು ಒಪ್ಪಿಕೊಳ್ಳಬೇಕಿತ್ತು. ಅಷ್ಟರಲ್ಲಿ ಶಾರದ ಎದ್ದು ಹಿತ್ತಲಿಗೆ ಹೋದಳು. ನಾನು ಬಸ್ಸಿನ ಹೊತ್ತು ನೋಡಿದೆ. ಏಳನೆಯ ಸಾಲಿನ ಅಗುಳಿ ಮೂಡಲು ಆರು ಕಾರ್ಡು, ಆರು ಗೆರೆ ಜರಿ. ಆರನೆಯದಕ್ಕೆ ಹಣಿಗೆ ಬಡಿದರು. ಹಿತ್ತಲಲ್ಲಿ ಚಿಲಕ ಬಿತ್ತು. ಎರಡು ನಲವತ್ತು.

ಗೋವಿಂದಪ್ಪ ಲಾಳಿ ಕೆಳಗಿಟ್ಟರು. ಹತ್ತು ನಿಮಿಷದ ಮೇಲೆ ಶಾರದ ಕೂಗಿಕೊಂಡಳು. ಅದು ಹೆಸರು ಹಿಡಿದು ಕರೆದ ಕೂಗಲ್ಲ. ಓಡಿದೆವು. ಬಚ್ಚಲುಮನೆಯ ಗೋಡೆ ಕಲ್ಲಿನದು, ಬಾಗಿಲು ಕಬ್ಬಿಣದ ತಗಡಿನದು, ಒಳಕ್ಕೆ ತೆರೆಯುವಂಥದು. ನೀರು ಒಡೆದು ಕಾಲು ಜಾರಿ ಅವಳು ಬಾಗಿಲಿಗೇ ಒರಗಿ ಬಿದ್ದಿದ್ದಳು. ನೂಕಿದರೆ ಬಾಗಿಲು ಅವಳ ಹೊಟ್ಟೆಗೆ ಒತ್ತುತ್ತಿತ್ತು. “ಚಿಲಕ ತೆಗಿಯೇ ಮಗಳೇ!” ಎಂದರೆ, “ಬರ್ತಾ ಇಲ್ಲಪ್ಪಾ, ಬರ್ತಾ ಇಲ್ಲ” ಎನ್ನುತ್ತಿದ್ದಳು. ಬಾಗಿಲ ಕೆಳಗಿನ ಸಂದಿಯಿಂದ ಕೆಂಪು ಬೆರೆತ ನೀರು ಹರಿದು ಬಂತು. ಪಕ್ಕದ ಮಗ್ಗಗಳವರು ಎದ್ದು ಬಂದರು. “ಲೇ, ಹಾರೆ ತಗಂಬಾರ್ಲೇ!” ಎಂದು ಯಾರೋ ಕೂಗಿದರು. ಯಾರೋ ಆಂಬುಲೆನ್ಸಿಗೆ ಫೋನು ಮಾಡಿದರು.

ತಿಮ್ಮಕ್ಕ ಬಾಗಿಲ ಹತ್ತಿರ ನಿಲ್ಲಲಿಲ್ಲ. ತಲೆಗೂದಲಿನ ಗಂಟು ಬಿಚ್ಚಿಕೊಂಡು ಮನೆಯೊಳಗೆ ತಡವುತ್ತ ಓಡಾಡಿದರು. ಬೀರುವಿನ ಬಾಗಿಲು, ಅಕ್ಕಿ ಡಬ್ಬಿ, ಉಪ್ಪಿನಕಾಯಿ ಜಾಡಿ, ಟ್ರಂಕು, ಎಲ್ಲವನ್ನೂ ತೆರೆದರು. ನನ್ನ ಬ್ಯಾಗಿನ ಜಿಪ್ಪು ಎಳೆದು, ಒಳಗಿದ್ದ ಊಟದ ಡಬ್ಬಿಯ ಮುಚ್ಚಳ ಕಿತ್ತು ನೆಲಕ್ಕೆ ಎಸೆದರು. ಆಮೇಲೆ ಮಗ್ಗದ ಹತ್ತಿರ ಬಂದು ನನ್ನ ಮುಂಗೈ ಹಿಡಿದರು. ಆ ವಯಸ್ಸಿನ ಕೈಗೆ ಅಷ್ಟು ಬಲ ಎಲ್ಲಿಂದ ಬಂತೋ.

“ನಿನ್ನ ಬಾಗ್ಲು ತೆರ್ದೈತಾ?”

ಕೈ ಬಿಡಿಸಿಕೊಳ್ಳಲು ನೋಡಿದೆ.

“ಕಣ್ಣು ಮಂಜು ನಂಗೆ, ಕಿವಿ ಅಲ್ಲ. ಕನ್ನಡಿ ಹಿಡ್ದಾಗ್ಲೇ ನಿನ್ನ ಉಸಿರು ನಿಂತಿದ್ದು ಕೇಳಿಸ್ತು. ಸಂದು ಬಿಟ್ಟಿದ್ಯಾ ಇಲ್ವಾ?”

“ಇಲ್ಲ ಅಜ್ಜಿ. ಬಿಟ್ಟಿರಲಿಲ್ಲ. ಸುಳ್ಳು ಹೇಳಿದೆ.”

ಹೊಡೆಯುತ್ತಾರೆಂದುಕೊಂಡೆ. ಹೊಡೆಯಲಿಲ್ಲ. ನನ್ನನ್ನು ಮಗ್ಗದ ಗುಂಡಿಯೊಳಕ್ಕೆ ನೂಕಿ ಒಂದೇ ಮಾತು ಹೇಳಿದರು: “ಬಿಚ್ಚು.”

ಬಿಚ್ಚುವುದೆಂದರೆ ನೇಯ್ದ ಜರಿಯನ್ನು ಒಂದೊಂದೇ ಗೆರೆ ಹಿಂದಕ್ಕೆ ಎಳೆದು ತೆಗೆಯುವುದು. ನಾನು ಚಿತ್ರ ಬರೆಯುವವಳು, ಮಗ್ಗದಲ್ಲಿ ಕೂತವಳಲ್ಲ. ಜರಿ ಬೆರಳು ಕೊಯ್ಯಿತು. ಹಿತ್ತಲಲ್ಲಿ ಹಾರೆ ಕಲ್ಲಿಗೆ ಬಡಿಯುವ ಸದ್ದು, ಶಾರದಳ ನರಳಾಟ. ಅಗುಳಿಯ ಆರು ಗೆರೆಗಳಲ್ಲಿ ಮೊದಲನೆಯದು ಬಂತು. ಎರಡನೆಯದು ಬಂತು. ಮೂರನೆಯದು ಬರಲಿಲ್ಲ. ನನ್ನ ತಪ್ಪಿಗೆ ನಾನೇ ಕಲ್ಪಿಸಿಕೊಂಡೆ ಎಂದು ನೀವು ಅನ್ನಬಹುದು, ನಾನೂ ಎಷ್ಟೋ ಸಲ ಅಂದುಕೊಂಡಿದ್ದೇನೆ. ಆದರೆ ಆ ಜರಿ ಸಿಕ್ಕಿಕೊಂಡಿರಲಿಲ್ಲ. ಆ ಕಡೆಯ ತುದಿಯಿಂದ ಯಾರೋ ಎಳೆಯುತ್ತಿದ್ದರು. ನಾನು ಸಡಿಲ ಬಿಟ್ಟರೆ ಅದು ಬಟ್ಟೆಯೊಳಕ್ಕೆ ಹಿಂದಿರುಗುತ್ತಿತ್ತು. ನಾನು ಎಳೆದರೆ ಅದೂ ಎಳೆಯುತ್ತಿತ್ತು. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಬಟ್ಟೆಯ ಮೇಲೆಯೇ ಬಿದ್ದಿತ್ತು, ಕತ್ತಲೆಯೆಂದು ನೆಪ ಹೇಳುವಂತಿಲ್ಲ. ಹಲ್ಲಿನಿಂದ ಕಚ್ಚಿ ಜರಿ ತುಂಡರಿಸಿ ಮೂರನೆಯದನ್ನು ತೆಗೆದೆ. ನಾಲ್ಕು. ಐದು. ಆರನೆಯದು ಮಾತ್ರ ಬೆಣ್ಣೆಯಿಂದ ಎಳೆದ ಕೂದಲಿನಂತೆ ಸುಮ್ಮನೆ ಬಂದುಬಿಟ್ಟಿತು.

ಹಿತ್ತಲಲ್ಲಿ ಟಕ್ ಎಂದಿತು. ಆಮೇಲೆ ಎಲ್ಲರೂ ಒಟ್ಟಿಗೆ ಕೂಗಿದರು.

ಆಸ್ಪತ್ರೆಗೆ ಒಯ್ದು ಒಂದು ಗಂಟೆಯೊಳಗೆ ಹೆರಿಗೆಯಾಯಿತು. ಹೆಣ್ಣುಮಗು. ಬಹಳ ಹೊತ್ತು ಅಳಲಿಲ್ಲವಂತೆ, ಆಮೇಲೆ ಅತ್ತಿತಂತೆ. ಶಾರದಳಿಗೆ ರಕ್ತ ಕೊಡಬೇಕಾಯಿತು. ಇಬ್ಬರೂ ಉಳಿದರು. ಇದನ್ನು ನಾನು ಆಸ್ಪತ್ರೆಯ ಹೊರಗಿನ ಬೇವಿನ ಮರದ ಕೆಳಗೆ ನಿಂತು ಯಾರ ಯಾರದೋ ಬಾಯಿಂದ ಕೇಳಿದೆ. ತಿಮ್ಮಕ್ಕ ಹೊರಗೆ ಬಂದವರು ನನ್ನ ಹತ್ತಿರ ನಿಂತು ಮೆಲ್ಲಗೆ ಹೇಳಿದರು: “ನೀನು ಬಿಚ್ಚಿದ್ದಕ್ಕೇ ಬಾಗ್ಲು ತೆಗೀತು ಅಂತ ಬೀಗಬ್ಯಾಡ. ಹಾಕಿದೋಳೂ ನೀನೇ.”

ಬಾಗಿಲು ಹೇಗೆ ತೆರೆಯಿತು ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಹಾರೆ ಹಾಕಿದವರು ತಾವು ಮೀಟಿದ್ದಕ್ಕೆ ಎನ್ನುತ್ತಾರೆ. ಗೋವಿಂದಪ್ಪ ಮಗಳೇ ತೆಗೆದಳು ಎನ್ನುತ್ತಾರೆ. ನಾನು ಸಂಜೆ ಬ್ಯಾಗು ತರಲು ಮನೆಗೆ ಹೋದಾಗ ಆ ಚಿಲಕ ನೋಡಿದೆ. ಬಾಗಿರಲಿಲ್ಲ, ಮುರಿದಿರಲಿಲ್ಲ, ತುಕ್ಕೂ ಹಿಡಿದಿರಲಿಲ್ಲ. ಕಿರುಬೆರಳಿನಲ್ಲಿ ಸರಿಸಿದರೆ ಸರಿಯಿತು.

ವಾರದೊಳಗೆ ಗೋವಿಂದಪ್ಪ ಕಾರ್ಡಿನ ಹಾರವನ್ನು ಗೋಣಿಚೀಲದಲ್ಲಿ ತುರುಕಿ ಬಸ್ಸಿನಲ್ಲಿ ಕಳಿಸಿದರು. ಜೊತೆಗೆ ಒಂದು ಚೀಟಿಯೂ ಇರಲಿಲ್ಲ. ನಾನು ಒಂದೊಂದೇ ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದು ಎರಡು ಸಲ ನೋಡಿದೆ. ಎಲ್ಲವೂ ನಾನು ತುಂಬಿ ಕಳಿಸಿದ ಹಾಗೆಯೇ ಇದ್ದವು. ಕದಗಳ ನಡುವೆ ಒಂದು ಎಳೆಯ ಸಂದೂ ಇರಲಿಲ್ಲ. ಹಾಗಾದರೆ ಮೊದಲ ಸಾಲಿನ ಎಂಟು ಎಳೆಗಳನ್ನು ಯಾರು ಬಿಟ್ಟರು? ನಾನು ಕೊಟ್ಟ ಮಾತಿನ ಲೆಕ್ಕಕ್ಕೆ ಸರಿಯಾಗಿ ಎಂಟೇ ಏಕೆ? ಬಿಟ್ಟದ್ದೂ ಮುಚ್ಚಿದ್ದೂ ಒಂದೇ ಕೈಯೇ, ಅಥವಾ ಎರಡೇ? ನನಗೆ ಗೊತ್ತಿಲ್ಲ. ಮೈಸೂರಿನವರಿಗೆ ಚಿತ್ರ ಹಿಂದಿರುಗಿಸಿ, ನನ್ನಿಂದಾಗುವುದಿಲ್ಲ ಎಂದೆ. ಅವರು ಬೈದರು, ಬೈಸಿಕೊಂಡೆ.

ಅಲ್ಲಿಂದ ಮುಂದೆ ನಿದ್ದೆ ಹೋಯಿತು. ಮಲಗಿ ಎರಡು ಗಂಟೆ ಕಳೆಯುವಷ್ಟರಲ್ಲಿ ಚಿಲಕ ಬಿದ್ದ ಸದ್ದಿಗೆ ಎಚ್ಚರವಾಗುತ್ತಿತ್ತು. ನನ್ನ ಕೋಣೆಯ ಚಿಲಕವನ್ನು ಬಿಚ್ಚಿಸಿಯೇ ಹಾಕಿದೆ. ಆದರೂ ಆ ಸದ್ದು ಬರುತ್ತಿತ್ತು. “ಏನಾಗೈತೆ ನಿಂಗೆ?” ಎಂದು ಅವ್ವ ಕೇಳಿದರೆ ಹೊಟ್ಟೆನೋವು ಎನ್ನುತ್ತಿದ್ದೆ. ಮತ್ತೊಂದು ಸುಳ್ಳು.

ನಾಲ್ಕು ತಿಂಗಳ ಮೇಲೆ, ಒಂದು ಗುರುವಾರ, ಮೊಳಕಾಲ್ಮೂರಿನ ಬಸ್ಸು ಹತ್ತಿದೆ. ದಾರಿಯಲ್ಲಿ ತಳಕು ಊರು ದಾಟುವಾಗ ಇಳಿದುಬಿಡಲೇ ಎನಿಸಿತ್ತು. ಇಳಿಯಲಿಲ್ಲ. ಮಗ್ಗದ ಮೇಲೆ ಬೇರೆ ಸೀರೆ ಏರಿತ್ತು, ಸಣ್ಣ ಸಣ್ಣ ಹೂವಿನದು. ಬಚ್ಚಲುಮನೆಯ ಬಾಗಿಲು ತೆಗೆಸಿ ಹಳೆಯ ಸೀರೆಯ ಪರದೆ ಕಟ್ಟಿದ್ದರು. ಶಾರದ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡಿದ್ದಳು. “ಬರ್ರಿ ಮೇಡಂ” ಎಂದು ಗೋವಿಂದಪ್ಪ ಎಂದಿನಂತೆ ಕರೆದಾಗ ಅರ್ಥವಾಯಿತು. ತಿಮ್ಮಕ್ಕ ಯಾರಿಗೂ ಹೇಳಿರಲಿಲ್ಲ. ಅದನ್ನು ನನಗೇ ಬಿಟ್ಟಿದ್ದರು. ಮೂಲೆಯಲ್ಲಿ ಕೂತು, ಕಾಣದ ಕಣ್ಣನ್ನು ನನ್ನ ಕಡೆ ನೆಟ್ಟು ಕಾಯುತ್ತಿದ್ದರು.

ನಿಂತುಕೊಂಡೇ ಎಲ್ಲ ಹೇಳಿದೆ. ಗೋವಿಂದಪ್ಪನವರ ಕೈಯಲ್ಲಿದ್ದ ಲಾಳಿ ಕೈಯಲ್ಲೇ ಉಳಿಯಿತು. ಮೊದಲು ಮಾತಾಡಿದ್ದು ಶಾರದ. “ಚಿಲಕ ನಾನು ಎಳೀತಾನೇ ಇದ್ದೆ ಅಕ್ಕಾ. ನನ್ನ ಕೈ ಮೇಲೆ ಇನ್ನೊಂದು ಕೈ ಇತ್ತು. ಒತ್ತಿ ಹಿಡ್ದಿತ್ತು. ಒಳಗೆ ನಾನೊಬ್ಬಳೇ. ಹೇಳಿದ್ರೆ ನೋವಿಗೆ ಹಂಗನ್ಸಿರ್ತೈತೆ ಅಂದ್ರು ಎಲ್ಲಾರೂ.” ಮಗುವಿನ ಕಡೆ ನೋಡಿದಳು, ಮತ್ತೆ ನನ್ನ ಕಡೆ. “ಎಂಟೆಳೆ ಬಿಡೋಕೆ ನಿಂಗೇನ್ ಕಷ್ಟ ಆಗ್ತಿತ್ತು ಅಕ್ಕಾ?”

“ಏನೂ ಇಲ್ಲ” ಎಂದೆ.

“ಹೋಗಮ್ಮ” ಎಂದರು ಗೋವಿಂದಪ್ಪ. ಆರು ವರ್ಷದಲ್ಲಿ ಮೊದಲ ಬಾರಿಗೆ ನನ್ನನ್ನು ಮೇಡಂ ಎನ್ನಲಿಲ್ಲ. “ಇನ್ನು ಈ ಬೀದಿಗೆ ಬರಬ್ಯಾಡ. ಬೇರೆ ಮಗ್ಗದೋರಿಗೂ ನಾನೇ ಹೇಳ್ತೀನಿ.”

ಹೊಸ್ತಿಲು ದಾಟಿದೆ. ಹಿಂದೆಯೇ ತಿಮ್ಮಕ್ಕ ಗೋಡೆ ಹಿಡಿದುಕೊಂಡು ಬಂದರು. ಹಾಡಹಗಲು ಆ ಬೀದಿಯಲ್ಲಿ ಯಾರೂ ಬಾಗಿಲು ಹಾಕುವುದಿಲ್ಲ. ಅವರು ಹಾಕಿದರು. ಒಳಗಿನಿಂದ ಚಿಲಕ ಬಿತ್ತು. ಟಕ್ ಎಂದಿತು. ಅದು ಒಬ್ಬ ಮುದುಕಿ ತನ್ನ ಮನೆಯ ಬಾಗಿಲು ಹಾಕಿಕೊಂಡ ಸದ್ದು, ಅಷ್ಟೇ.

ಆ ರಾತ್ರಿ ಊಟ ಮಾಡಿ ಮಲಗಿದವಳಿಗೆ ಬೆಳಿಗ್ಗೆ ಅವ್ವ ಬಂದು ಅಲುಗಾಡಿಸುವವರೆಗೂ ಎಚ್ಚರವಾಗಲಿಲ್ಲ.